ಕೂತು ಹೋಗುವ ಪುಟಾಣಿ ರೈಲು ಕೈಕೊಟ್ಟಾಗ ಮೊದಲು ಎಲ್ಲಿ ನೋಡಬೇಕು?

ಕಳೆದ ಬೇಸಿಗೆಯಲ್ಲಿ ಸಾಗರದ ಕಡೆಯಿಂದ ಭಾವ ಫೋನ್ ಮಾಡಿದರು. ಅಡಿಕೆ ತೋಟದ ಅಂಚಿನಲ್ಲಿ ತಾವೇ ಹಳಿ ಹಾಕಿ ಬ್ಯಾಟರಿ ರೈಲು ಬಿಟ್ಟಿದ್ದಾರೆ. ರಜೆಗೆ ಬಂದ ಮಕ್ಕಳನ್ನೆಲ್ಲ ಕೂರಿಸಿಕೊಂಡು ಸುತ್ತುತ್ತಾರೆ. “ಮೋಟರ್ ಹೋಯ್ತು ಮಾರಾಯ. ಏರಿನಲ್ಲಿ ಎಳೆಯೋದೇ ಇಲ್ಲ. ಹೊಸದು ತರಿಸ್ಬೇಕು” ಅಂದರು.

“ಭಾವ, ಈಗಲೇ ದುಡ್ಡು ಹಾಕ್ಬೇಡಿ. ಇಂಜಿನ್ ಬಿಚ್ಚಿ ಪಕ್ಕಕ್ಕಿಡಿ. ಬೋಗಿಗಳನ್ನ ಒಂದೊಂದೇ ಕೈಯಲ್ಲಿ ತಳ್ಳಿ ನೋಡಿ” ಅಂದೆ.

ಅರ್ಧ ಗಂಟೆಯಲ್ಲಿ ಮತ್ತೆ ಫೋನ್. ಕೊನೆಯ ಬೋಗಿಯ ಬ್ರೇಕಿನ ಸ್ಪ್ರಿಂಗ್ ತುಂಡಾಗಿ, ಬ್ರೇಕ್ ಬ್ಲಾಕ್ ಗಾಲಿಗೆ ಅಂಟಿಕೊಂಡೇ ಇತ್ತಂತೆ. ಮೋಟರ್ ಪಾಪ, ಇಡೀ ವಾರ ಬ್ರೇಕ್ ಹಾಕಿದ ಬೋಗಿಯನ್ನು ಎಳೆಯುತ್ತಿತ್ತು.

ನಾನು ಇಂಗ್ಲೆಂಡಿನಲ್ಲಿ ಭಾನುವಾರಗಳಂದು ಇಂಥ ರೈಲುಗಳ ಒಂದು ಕ್ಲಬ್ಬಿನಲ್ಲಿ ಕೆಲಸ ಮಾಡುತ್ತೇನೆ. ಸಂಬಳ ಇಲ್ಲ, ಚಹಾ ಇದೆ. ಅಲ್ಲಿ ನಾನು ಕಲಿತದ್ದು ಇಷ್ಟೇ: ಎಲ್ಲರೂ ಇಂಜಿನ್ನನ್ನು ಬೈಯುತ್ತಾರೆ, ತಪ್ಪು ಹೆಚ್ಚಾಗಿ ಮೊಣಕಾಲಿಗಿಂತ ಕೆಳಗೆ ಇರುತ್ತದೆ. ಹಳಿ, ಗಾಲಿ, ಬ್ರೇಕ್. ಆದ್ದರಿಂದ ಮುಚ್ಚಳ ಬಿಚ್ಚುವ ಮೊದಲು ಬಗ್ಗಿ ನೋಡಿ.

ಕಬ್ಬನ್ ಪಾರ್ಕಿನ ಬಾಲಭವನದ ಪುಟಾಣಿ ರೈಲಿನಲ್ಲಿ ಕೂತವರಿಗೆ ಒಂದು ಮಾತು. ಅಲ್ಲಿ ನಾವು ಬೋಗಿಯ ಒಳಗೆ ಕೂರುತ್ತೇವೆ. ನಾನು ಹೇಳುತ್ತಿರುವುದು ಅದಕ್ಕಿಂತ ಚಿಕ್ಕ ಜಾತಿ. ಹಳಿಯ ಅಗಲ ಏಳೂಕಾಲು ಇಂಚು, ಅಂದರೆ 184 ಮಿ.ಮೀ. ಕುದುರೆ ಹತ್ತಿದ ಹಾಗೆ ಬೆಂಚಿನ ಮೇಲೆ ಕಾಲು ಆಚೀಚೆ ಹಾಕಿ ಕೂರುವುದು. ಒಂದು ಗೇಣಿಗಿಂತ ಕಡಿಮೆ ಅಗಲದ ಹಳಿಯ ಮೇಲೆ 80 ಕಿಲೋ ಮನುಷ್ಯ ಕೂರುತ್ತಾನೆ. ಇದೊಂದನ್ನು ನೆನಪಿಟ್ಟುಕೊಂಡರೆ ಅರ್ಧ ಸಮಸ್ಯೆ ತಾನಾಗಿ ಅರ್ಥವಾಗುತ್ತದೆ.

ಕೈ ಹಾಕುವ ಮೊದಲು

ಎಲ್ಲರನ್ನೂ ಇಳಿಸಿ. ಮಕ್ಕಳನ್ನು ದೂರ ನಿಲ್ಲಿಸಿ. ಕೀಲಿ ತೆಗೆದು ನಿಮ್ಮ ಜೇಬಿಗೆ ಹಾಕಿಕೊಳ್ಳಿ, ಡ್ಯಾಶ್‌ಬೋರ್ಡ್ ಮೇಲಲ್ಲ. ಗಾಲಿಗಳಿಗೆ ಎರಡೂ ಕಡೆ ಮರದ ಆಪು ಕೊಡಿ. ಬ್ಯಾಟರಿ ಹತ್ತಿರ ಹೋಗುವುದಾದರೆ ಉಂಗುರ, ವಾಚು, ಬಳೆ ಬಿಚ್ಚಿ. 12 ವೋಲ್ಟ್ ಶಾಕ್ ಹೊಡೆಯುವುದಿಲ್ಲ, ನಿಜ. ಆದರೆ ಎರಡು ಟರ್ಮಿನಲ್‌ಗಳ ನಡುವೆ ಸ್ಪ್ಯಾನರ್ ಬಿದ್ದರೆ ಅದು ಕೆಂಪಗೆ ಕಾಯುತ್ತದೆ. ಬೆರಳಲ್ಲಿ ಉಂಗುರ ಇದ್ದರೆ ಏನಾಗುತ್ತದೆ ಎಂದು ನಾನು ಬಿಡಿಸಿ ಹೇಳಬೇಕಿಲ್ಲ, ಅಲ್ವಾ?

ಹಳಿ ತಪ್ಪುತ್ತದೆ

ಇದೇ ಎಲ್ಲಕ್ಕಿಂತ ಜಾಸ್ತಿ ಬರುವ ದೂರು. ರೈಲನ್ನು ಎತ್ತಿ ಹಳಿಗೆ ಇಟ್ಟು ಮುಂದೆ ಹೋಗಿಬಿಡುವುದು ಎಲ್ಲರೂ ಮಾಡುವ ತಪ್ಪು. ಎತ್ತುವ ಮೊದಲು ಜೇಬಿನಿಂದ ಸೀಮೆಸುಣ್ಣ ತೆಗೆಯಿರಿ. ಬಿದ್ದ ಜಾಗದ ಸ್ಲೀಪರ್, ಅಂದರೆ ಹಳಿಯ ಅಡಿಯ ಅಡ್ಡಪಟ್ಟಿ, ಅದರ ಮೇಲೆ ಒಂದು ಗುರುತು, ಬಿದ್ದ ಗಾಲಿಯ ಮೇಲೆ ಒಂದು ಗುರುತು. ಎರಡು ಮೂರು ಸಲ ಬಿದ್ದ ಮೇಲೆ ಗುರುತುಗಳೇ ಕತೆ ಹೇಳುತ್ತವೆ.

ಜಾಗ ಒಂದೇ, ಬೀಳುವ ಗಾಲಿ ಬೇರೆ ಬೇರೆ ಆಗಿದ್ದರೆ ತಪ್ಪು ಹಳಿಯದ್ದು. ಗಾಲಿ ಒಂದೇ, ಜಾಗ ಬೇರೆ ಬೇರೆ ಆಗಿದ್ದರೆ ತಪ್ಪು ಬೋಗಿಯದ್ದು. ಖಾಲಿ ಹೋದಾಗ ಸರಿ, ಜನ ಕೂತಾಗ ಮಾತ್ರ ಬೀಳುತ್ತಿದ್ದರೆ ಕೂತವರನ್ನು ನೋಡಿ.

ಹಳಿಯ ತಪ್ಪು ಅನ್ನಿಸಿದರೆ ಬಿದ್ದ ಜಾಗವನ್ನೇ ದಿಟ್ಟಿಸುತ್ತ ಕೂರಬೇಡಿ. ಗಾಲಿ ಹತ್ತಿದ್ದು ಅದಕ್ಕಿಂತ ಹಿಂದೆ. ಮಂಡಿಯೂರಿ ಹಳಿಯ ತಲೆಯನ್ನು ಬೆಳಕಿಗೆ ಓರೆಯಾಗಿ ನೋಡಿ. ಒಳಬದಿಯಿಂದ ಹೊರಬದಿಗೆ ಓರೆಯಾಗಿ ಎಳೆದ ಹೊಳೆಯುವ ಗೀರು ಕಾಣುತ್ತದೆ. ಸೂಜಿಯಲ್ಲಿ ಗೀಚಿದ ಹಾಗೆ ಇರುತ್ತದೆ. ಗಾಲಿಯ ಒಳಬದಿಯ ಅಂಚು, ಅಂದರೆ ಫ್ಲ್ಯಾಂಜ್, ಅಲ್ಲಿ ಹಳಿ ಹತ್ತಿದೆ. ಆ ಗೀರು ಶುರುವಾದ ಜಾಗದಿಂದ ಹಿಂದಕ್ಕೆ ಮೂರು ನಾಲ್ಕು ಮೀಟರ್ ನೀವು ಹುಡುಕಬೇಕಾದ ಜಾಗ.

ಖರ್ಚಿಲ್ಲದ್ದು ಮೊದಲು. ಜಲ್ಲಿಕಲ್ಲು, ಕಡ್ಡಿ, ಅಡಿಕೆ ಸಿಪ್ಪೆ ಸಿಕ್ಕಿಕೊಂಡಿದೆಯಾ? ಪಾಯಿಂಟ್‌ಗಳಲ್ಲಿ, ಅಂದರೆ ಹಳಿ ಕವಲೊಡೆಯುವ ಕಡೆ, ಒಂದು ಕಡಲೆಕಾಳಿನಷ್ಟು ಕಲ್ಲು ಸಾಕು. ಚಲಿಸುವ ನಾಲಿಗೆ ಪಕ್ಕದ ಹಳಿಗೆ ಪೂರ್ತಿ ಕೂರುವುದಿಲ್ಲ. ಒಂದು ಗಾಲಿ ಒಂದು ದಾರಿ, ಇನ್ನೊಂದು ಗಾಲಿ ಇನ್ನೊಂದು ದಾರಿ. ನಾಲಿಗೆಯನ್ನು ಎರಡೂ ಕಡೆಗೆ ತಳ್ಳಿ, ತುದಿಯಲ್ಲಿ ಹಾಳೆ ತೂರಿಸಿ ನೋಡಿ. ಹಾಳೆ ಸಲೀಸಾಗಿ ಹೋದರೆ ಸಂದು ಇದೆ ಎಂದರ್ಥ.

ಆಮೇಲೆ ಅಗಲ. ಒಂದು ಲೋಹದ ಪಟ್ಟಿಯನ್ನು ಸರಿಯಾದ ಅಳತೆಗೆ ಕತ್ತರಿಸಿ ಇಟ್ಟುಕೊಳ್ಳಿ, ಪ್ರತಿ ಎರಡು ಮೂರು ಸ್ಲೀಪರ್‌ಗೆ ಹಾಕುತ್ತ ಹೋಗಿ. ತಿರುವಿನಲ್ಲಿ ಸ್ವಲ್ಪ ಅಗಲ ಬಿಟ್ಟಿರುತ್ತಾರೆ, ಅದು ಬೇಕಂತಲೇ. ನೇರ ಹಳಿಯಲ್ಲಿ ಅಗಲ ಬಿಟ್ಟಿದ್ದರೆ ಸ್ಕ್ರೂ ಸಡಿಲವಾಗಿದೆ, ಇಲ್ಲಾ ಸ್ಲೀಪರ್ ಕೊಳೆತಿದೆ.

ಎಲ್ಲರೂ ಮರೆಯುವುದು ಹಳಿಯ ತಿರುಚನ್ನು. ಮನೆಯಲ್ಲಿ ನಾಲ್ಕು ಕಾಲಿನ ಸ್ಟೂಲು ಏರುತಗ್ಗಿನ ನೆಲದ ಮೇಲೆ ಇಟ್ಟರೆ ಒಂದು ಕಾಲು ಗಾಳಿಯಲ್ಲಿ ನಿಲ್ಲುತ್ತದಲ್ಲ, ನಾಲ್ಕು ಗಾಲಿಯ ಬೋಗಿಯೂ ಹಾಗೆಯೇ. ಭಾರ ಇಲ್ಲದ ಗಾಲಿ ಸುಲಭವಾಗಿ ಹಳಿ ಹತ್ತುತ್ತದೆ. ರಸಮಟ್ಟವನ್ನು ಎರಡೂ ಹಳಿಗೆ ಅಡ್ಡ ಇಟ್ಟು, ಪ್ರತಿ ಅರ್ಧ ಮೀಟರ್‌ಗೆ ಗುಳ್ಳೆ ಎಲ್ಲಿದೆ ಬರೆದುಕೊಳ್ಳಿ. ಒಂದೇ ಕಡೆಗೆ ಸಮನಾಗಿ ವಾಲಿದ್ದರೆ ಅಷ್ಟು ಚಿಂತೆ ಇಲ್ಲ. ಗುಳ್ಳೆ ಒಂದು ಸ್ಲೀಪರ್‌ನಲ್ಲಿ ಎಡಕ್ಕೆ, ಎರಡು ಸ್ಲೀಪರ್ ಆದ ಮೇಲೆ ಬಲಕ್ಕೆ ಹೋದರೆ ಕಳ್ಳ ಸಿಕ್ಕಿದ. ಮಳೆಗಾಲ ಮುಗಿದ ಮೇಲೆ, ಇಲಿ ಹೆಗ್ಗಣ ಬಿಲ ತೋಡಿದ ಮೇಲೆ, ಇದು ತಪ್ಪದೆ ಬರುತ್ತದೆ. ಜಲ್ಲಿ ಒತ್ತಿ ತುಂಬಿದರೆ ಸರಿ.

ಬೆಳಿಗ್ಗೆ ಸರಿ, ಮಧ್ಯಾಹ್ನ ಮಾತ್ರ ಬೀಳುತ್ತದೆ ಎಂದರೆ ಬಿಸಿಲು. ಅಲ್ಯೂಮಿನಿಯಂ ಹಳಿ 10 ಮೀಟರ್ ಉದ್ದ ಇದ್ದು, ಶಾಖ 30 ಡಿಗ್ರಿ ಏರಿದರೆ ಸುಮಾರು 7 ಮಿ.ಮೀ. ಬೆಳೆಯುತ್ತದೆ. ಉಕ್ಕಿನದ್ದು ಅದರ ಅರ್ಧ. ಜಾಯಿಂಟ್‌ನಲ್ಲಿ ಜಾಗ ಬಿಡದಿದ್ದರೆ ಹಳಿ ಪಕ್ಕಕ್ಕೆ ಹಾವಿನ ಹಾಗೆ ಬಾಗುತ್ತದೆ. ಚಳಿಯಲ್ಲಿ ಹಾಕಿದ ಹಳಿಯಲ್ಲಿ ಇದು ಜಾಸ್ತಿ. ಕತ್ತರಿಸಿ ಸಂದು ಬಿಡುವುದೇ ದಾರಿ.

ಇನ್ನು ತಪ್ಪು ಬೋಗಿಯದ್ದಾದರೆ, ಬೋಗಿಯನ್ನು ಪಕ್ಕಕ್ಕೆ ಮಲಗಿಸಿ ಗಾಲಿಗಳನ್ನು ಕೈಯಲ್ಲಿ ಅಲ್ಲಾಡಿಸಿ. ಆಕ್ಸಲ್ ಮೇಲೆ ಗಾಲಿ ಜಾರಿದೆಯಾ? ಎರಡು ಗಾಲಿಗಳ ಒಳಬದಿಗಳ ನಡುವಿನ ಅಂತರವನ್ನು ಮೂರು ಕಡೆ ಅಳೆಯಿರಿ. ಮೂರೂ ಒಂದೇ ಬರದಿದ್ದರೆ ಆಕ್ಸಲ್ ಬಾಗಿದೆ, ಇಲ್ಲವೇ ಗಾಲಿ ಓರೆಯಾಗಿದೆ. ಗಾಲಿ ಚೌಕಟ್ಟು ತಿರುಗುವ ನಡುವಿನ ಪಿನ್ ಒಣಗಿದ್ದರೆ ತಿರುವಿನಲ್ಲಿ ತಿರುಗುವುದೇ ಇಲ್ಲ, ನೇರ ಹೊರಟುಬಿಡುತ್ತದೆ. ಒಂದು ಬೆರಳು ಗ್ರೀಸ್ ಹಚ್ಚಿದರೆ ವಾಸಿಯಾಗುವ ಕಾಯಿಲೆ. ಫ್ಲ್ಯಾಂಜ್ ಸವೆದು ಚಾಕುವಿನ ಹಾಗೆ ಚೂಪಾಗಿದ್ದರೆ ಗ್ರೀಸ್ ಸಾಲದು, ಲೇತ್‌ಗೆ ಹಾಕಿಸಬೇಕು.

ಹೊರಗಡೆಯಿಂದ ಅಗ್ಗಕ್ಕೆ ಗಾಲಿ ತರಿಸಿದವರಿಗೆ ಒಂದು ಎಚ್ಚರಿಕೆ. ಬ್ರಿಟನ್, ಆಸ್ಟ್ರೇಲಿಯಾಗಳಲ್ಲಿ ಏಳೂಕಾಲು ಇಂಚು ಬಳಕೆಯಲ್ಲಿದೆ. ಅಮೆರಿಕದ ಬಹುಭಾಗದಲ್ಲಿ ಏಳೂವರೆ. ಅಲ್ಲಿನ ಒರೆಗಾನ್ ರಾಜ್ಯದ ಟ್ರೇನ್ ಮೌಂಟನ್ ಎಂಬ ಪುಟಾಣಿ ರೈಲು ತಾಣದ ಅಷ್ಟು ದೊಡ್ಡ ಹಳಿಜಾಲ ಪೂರ್ತಿ ಏಳೂವರೆಯದು. ವ್ಯತ್ಯಾಸ 6 ಮಿ.ಮೀ. ಚಿಲ್ಲರೆ. ಕಣ್ಣಿಗೆ ಕಾಣುವುದಿಲ್ಲ, ಪೆಟ್ಟಿಗೆ ಮೇಲೂ ಕೆಲವೊಮ್ಮೆ ಬರೆದಿರುವುದಿಲ್ಲ. ದೊಡ್ಡ ಗಾಲಿ ಚಿಕ್ಕ ಹಳಿಯಲ್ಲಿ ಕಚ್ಚಿಕೊಳ್ಳುತ್ತದೆ. ಚಿಕ್ಕದು ದೊಡ್ಡದರಲ್ಲಿ ತಿರುವು ಬಂದಾಗ ನಡುವೆ ಇಳಿದುಬಿಡುತ್ತದೆ. ಅಳೆದೇ ಕೊಳ್ಳಿ.

ಕೂತವರ ವಿಷಯ. ಫೋಟೊ ತೆಗೆಯಲು ಒಬ್ಬರು ಪಕ್ಕಕ್ಕೆ ವಾಲಿದರೆ ಸಾಕು, ಒಂದು ಕಡೆಯ ಗಾಲಿಗಳ ಮೇಲಿನ ಭಾರ ಹೋಗುತ್ತದೆ. ಹಿಂದಿನವರ ಜೊತೆ ಮಾತಾಡಲು ತಿರುಗುವುದೂ ಅದೇ. ಭಾರದ ಬೋಗಿ ಇಂಜಿನ್ ಹಿಂದೆಯೇ ಇರಲಿ. ಮುಂದೆ ಖಾಲಿ, ಹಿಂದೆ ತುಂಬಿದ ಬೋಗಿ ಕಟ್ಟಿದರೆ ಬಿಗಿ ತಿರುವಿನಲ್ಲಿ ಖಾಲಿ ಬೋಗಿಯನ್ನು ಎರಡೂ ಕಡೆಯಿಂದ ಎಳೆದು ಒಳಕ್ಕೆ ಉರುಳಿಸುತ್ತದೆ. ಚಿಕ್ಕ ಮಕ್ಕಳು ಮುಂದೆ ಕೂರುತ್ತೇವೆ ಎಂದು ಹಠ ಮಾಡುತ್ತಾರೆ, ಗೊತ್ತು. ದೊಡ್ಡವರೊಬ್ಬರನ್ನು ಜೊತೆಗೆ ಕೂರಿಸಿ.

ಒಂದೇ ದಿನ ಒಂದೇ ಜಾಗದಲ್ಲಿ ಎರಡನೇ ಸಲ ಬಿದ್ದರೆ ಅವತ್ತಿಗೆ ಜನರನ್ನು ಕೂರಿಸುವುದು ನಿಲ್ಲಿಸಿ. ಎತ್ತುವಾಗ ಹಲಗೆ, ಹಾರೆ ಬಳಸಿ. ಗಾಲಿ ಮತ್ತು ಹಳಿಯ ನಡುವೆ ಬೆರಳು ಬೇಡ.

ಕೀಲಿ ತಿರುಗಿಸಿದರೂ ಜೀವವೇ ಇಲ್ಲ

ಬ್ಯಾಟರಿ ಇಂಜಿನ್ ಮಾತು. ಮೊದಲು ಕೆಂಪು ತುರ್ತು ಗುಂಡಿ ಒತ್ತಿದೆಯಾ ನೋಡಿ. ನಗಬೇಡಿ. ಯಾವುದೋ ಮಗು ಒತ್ತಿ ಹೋಗಿರುತ್ತದೆ, ನಾವು ವೈರ್ ಬಿಚ್ಚುತ್ತ ಕೂತಿರುತ್ತೇವೆ. ಮುಂದೆ, ಹಿಂದೆ ಸ್ವಿಚ್ ನಡುವೆ ನಿಂತಿರಬಹುದು. ವೇಗದ ಹಿಡಿ ಸೊನ್ನೆಯಲ್ಲಿ ಇಲ್ಲದಿದ್ದರೂ ಬಹಳಷ್ಟು ಕಂಟ್ರೋಲರ್‌ಗಳು ಶುರುವಾಗುವುದಿಲ್ಲ. ಅದು ದೋಷವಲ್ಲ, ಕೀಲಿ ಹಾಕಿದ ಕೂಡಲೇ ರೈಲು ನೆಗೆಯಬಾರದು ಎಂಬ ಕಾವಲು.

ಅದೆಲ್ಲ ಸರಿ ಇದ್ದರೆ ಮಲ್ಟಿಮೀಟರ್. ಲೆಡ್ ಬ್ಯಾಟರಿ ಒಂದೊಂದನ್ನೂ ಬೇರೆ ಬೇರೆ ಅಳೆಯಿರಿ. ಚಾರ್ಜ್ ಮಾಡಿ ಕೆಲವು ಗಂಟೆ ಸುಮ್ನೆ ಇಟ್ಟ ಮೇಲೆ 12.7 ಇದ್ದರೆ ತುಂಬಿದೆ, 12.2 ಇದ್ದರೆ ಅರ್ಧ, 12ಕ್ಕಿಂತ ಕೆಳಗೆ ಇದ್ದರೆ ಬರಿದು. ಎರಡರಲ್ಲಿ ಒಂದು ಮಾತ್ರ ಕೆಳಗಿದ್ದರೆ ಅದೇ ಕೆಟ್ಟದ್ದು, ಒಳ್ಳೆಯದನ್ನೂ ಎಳೆದು ಹಾಳುಮಾಡುತ್ತದೆ. ಆಮೇಲೆ ಟರ್ಮಿನಲ್, ಆಮೇಲೆ ಫ್ಯೂಸ್. ಫ್ಯೂಸ್ ಹೋಗಿದ್ದರೆ ಅದೇ ಆಂಪಿಯರ್‌ನ ಇನ್ನೊಂದು ಹಾಕಿ. ಅದೂ ಹೋದರೆ ನಿಲ್ಲಿಸಿ, ಒಳಗೆಲ್ಲೋ ಶಾರ್ಟ್ ಇದೆ. ಫ್ಯೂಸ್ ಜಾಗಕ್ಕೆ ತಂತಿ ಸುತ್ತುವ ಚಾಳಿ ಮನೆಯಲ್ಲೂ ಬೇಡ, ಇಲ್ಲೂ ಬೇಡ.

ಏರು ಬಂದರೆ ಸುಸ್ತು

ಭಾವನ ಕಾಯಿಲೆ ಇದೇ. ಬೋಗಿ ತಳ್ಳಿ ನೋಡುವುದು ಮೊದಲ ಪರೀಕ್ಷೆ. ಇನ್ನೂ ಖಚಿತ ಬೇಕೆಂದರೆ ವಿಮಾನಕ್ಕೆ ಹೋಗುವಾಗ ಲಗೇಜ್ ತೂಗುವ ಕೊಕ್ಕೆ ತಕ್ಕಡಿ ಇರುತ್ತದಲ್ಲ, ಅದನ್ನು ಕೊಂಡಿಗೆ ಸಿಕ್ಕಿಸಿ ಸಮತಟ್ಟು ಹಳಿಯಲ್ಲಿ ನಿಧಾನಕ್ಕೆ ಎಳೆಯಿರಿ. ಎಲ್ಲ ಬೋಗಿಗಳಿಗೂ ಹೆಚ್ಚುಕಮ್ಮಿ ಒಂದೇ ತೂಕ ತೋರಿಸಬೇಕು. ಒಂದು ಮಾತ್ರ ಎರಡು ಮೂರು ಪಟ್ಟು ತೋರಿಸಿದರೆ ಅದರ ಬ್ರೇಕ್ ಕಚ್ಚಿದೆ ಅಥವಾ ಬೇರಿಂಗ್ ಹೋಗಿದೆ. ಹತ್ತು ನಿಮಿಷ ಓಡಿಸಿ ಗಾಲಿಯ ನಡುವಿನ ಭಾಗ ಮುಟ್ಟಿ. ಬೇರಿಂಗ್ ಹೋದ ಕಡೆ ಬಿಸಿ ಇರುತ್ತದೆ. ಹುಷಾರಾಗಿ, ಮೊದಲು ಕೈ ಹಿಂಭಾಗದಿಂದ.

ಬೋಗಿಗಳು ಸರಿ ಇವೆ, ಗಾಲಿ ಗಿರಗಿರ ತಿರುಗುತ್ತದೆ, ರೈಲು ಮಾತ್ರ ಮುಂದೆ ಹೋಗುವುದಿಲ್ಲ. ಹಾಗಾದರೆ ಲೆಕ್ಕ ಹಾಕೋಣ. ಇಂಜಿನ್ 150 ಕಿಲೋ, ಮೂರು ಬೋಗಿ 180, ಹನ್ನೆರಡು ಜನ 720. ಒಟ್ಟು 1,050 ಕಿಲೋ. 80 ಮೀಟರ್‌ಗೆ 1 ಮೀಟರ್ ಏರುವ ಕಡೆ, ಏರಿಗೆ ಮಾತ್ರ 13 ಕಿಲೋ ಎಳೆತ ಬೇಕು. ಉರುಳುವ ತಡೆಗೆ ಇನ್ನೊಂದು ಹತ್ತು ಇಟ್ಟುಕೊಳ್ಳಿ. ಒಣ ಹಳಿಯ ಮೇಲೆ ಎಲ್ಲ ಗಾಲಿಗೂ ಮೋಟರ್ ಇರುವ ಇಂಜಿನ್ ತನ್ನ ತೂಕದ ಐದನೇ ಒಂದರಷ್ಟು ಎಳೆಯಬಹುದು, ಅಂದರೆ 30. ಸರಿಯಾಯಿತು. ಹಳಿ ಒದ್ದೆಯಾಗಿ ಹಿಡಿತ ಅರ್ಧಕ್ಕೆ ಇಳಿದರೆ 15. ಆಗ ಯಾವ ಹೊಸ ಮೋಟರ್ ತಂದರೂ ಗಾಲಿ ಇನ್ನೂ ಜೋರಾಗಿ ಸುತ್ತುತ್ತದೆ, ಅಷ್ಟೇ. ನಾಲ್ಕು ಜನರನ್ನು ಇಳಿಸಿ, ಹಳಿಯನ್ನು ಒಣ ಬಟ್ಟೆಯಲ್ಲಿ ಒರೆಸಿ. ಇಲ್ಲಿ ಅಕ್ಟೋಬರ್‌ನಲ್ಲಿ ಎಲೆ ಉದುರಿದಾಗ ನಮ್ಮ ಬೆಳಗಿನ ಮೊದಲ ಕೆಲಸ ಅದೇ. ದೊಡ್ಡ ರೈಲಿನ ಹಾಗೆ ಮರಳು ಸುರಿಯಬೇಡಿ, ಇಷ್ಟು ಚಿಕ್ಕ ಯಂತ್ರದಲ್ಲಿ ಅದು ನೇರ ಚೈನ್, ಬೇರಿಂಗ್‌ಗೆ ಹೋಗುತ್ತದೆ.

ಗಾಲಿಯೂ ಜಾರುತ್ತಿಲ್ಲ, ಸುಮ್ಮನೆ ನಿಧಾನವಾಗುತ್ತದೆ ಎಂದರೆ ಈಗ ಬ್ಯಾಟರಿ. ಏರುತ್ತಿರುವಾಗಲೇ ವೋಲ್ಟ್ ನೋಡಿ. ಪೂರ್ತಿ ಚಾರ್ಜ್ ಮಾಡಿದ 12 ವೋಲ್ಟ್ ಬ್ಯಾಟರಿಯೂ 10.5ರ ಕೆಳಗೆ ಕುಸಿದರೆ ಅದರ ಕಾಲ ಮುಗಿದಿದೆ. ಬ್ಯಾಟರಿ ಗಟ್ಟಿ ಇದ್ದೂ ಸುಸ್ತಾದರೆ ದಪ್ಪ ವೈರಿನ ತುದಿಯ ಲೋಹದ ಬಳೆಗಳನ್ನು, ಅಂದರೆ ಲಗ್‌ಗಳನ್ನು, ಮುಟ್ಟಿ ನೋಡಿ. ಬಿಸಿ ಇದ್ದ ಕಡೆ ಜೋಡಣೆ ಸರಿಯಿಲ್ಲ, ಶಕ್ತಿ ಶಾಖವಾಗಿ ಹೋಗುತ್ತಿದೆ. ಮೋಟರಿನ ಕಾರ್ಬನ್ ಬ್ರಷ್ ನೋಡುವುದು ಕೊನೆಗೆ.

ಟಕ್ ಟಕ್ ಸದ್ದು

ಕಣ್ಣು ಮುಚ್ಚಿ ಕೇಳಿ. ರೈಲು ಯಾವುದಾದರೂ ಒಂದು ಜಾಗ ದಾಟುವಾಗ ಮಾತ್ರ ಸದ್ದಾದರೆ ಹಳಿಯ ಜಾಯಿಂಟ್. ವೇಗಕ್ಕೆ ತಕ್ಕಂತೆ ಒಂದೇ ಸಮನೆ ಬಡಿಯುತ್ತಿದ್ದರೆ ಗಾಲಿ. ಬ್ರೇಕ್ ಹಿಡಿದು ಜಾರಿಸಿದಾಗ ಗಾಲಿಯ ಒಂದು ಕಡೆ ಚಪ್ಪಟೆಯಾಗುತ್ತದೆ. ಎಳೆಯಲು ಶುರು ಮಾಡಿದಾಗ ಮಾತ್ರ ಕಟ್ ಕಟ್ ಎಂದರೆ ಚೈನ್ ಸಡಿಲವಾಗಿ ಹಲ್ಲು ಹಾರುತ್ತಿದೆ. ತಿರುವಿನಲ್ಲಿ ಕೀಂಯ್ ಎಂದರೆ ಫ್ಲ್ಯಾಂಜ್ ಉಜ್ಜುತ್ತಿದೆ. ಹಳಿಯ ತಲೆಗೆ ಎಣ್ಣೆ ಹಾಕಿ ಸುಮ್ಮನಾಗಿಸಬೇಡಿ, ಬ್ರೇಕ್ ಹಿಡಿಯುವುದಿಲ್ಲ.

ಸುಟ್ಟ ವಾಸನೆ

ಇದಕ್ಕೆ ಪರೀಕ್ಷೆ ಇಲ್ಲ, ಮೊದಲು ನಿಲ್ಲಿಸಿ. ಜನರನ್ನು ಇಳಿಸಿ, ಬ್ಯಾಟರಿಯ ಮುಖ್ಯ ಸ್ವಿಚ್ ಆರಿಸಿ. ಆಮೇಲೆ ಮೂಗು. ವಾರ್ನಿಷ್ ಸುಟ್ಟ ಹಾಗಿದ್ದರೆ ಮೋಟರ್. ಪ್ಲಾಸ್ಟಿಕ್ ಎಂದರೆ ವೈರ್. ರಬ್ಬರ್, ಬಟ್ಟೆ ಸುಟ್ಟ ಹಾಗಿದ್ದರೆ ಬಹುಶಃ ಬ್ರೇಕ್. ಕೊಳೆತ ಮೊಟ್ಟೆಯ ವಾಸನೆ ಬಂದರೆ ಬ್ಯಾಟರಿ ಅತಿಯಾಗಿ ಚಾರ್ಜ್ ಆಗಿದೆ. ಚಾರ್ಜ್ ಆಗುವಾಗ ಹೈಡ್ರೋಜನ್ ಬರುತ್ತದೆ, ಶೆಡ್ಡಿನ ಬಾಗಿಲು ತೆರೆದಿಡಿ, ಹತ್ತಿರ ಬೀಡಿ ಬೇಡ. ಲಿಥಿಯಂ ಬ್ಯಾಟರಿ ಉಬ್ಬಿದ್ದರೆ ಮುಟ್ಟಬೇಡಿ, ದೂರ ಸರಿದು ಗೊತ್ತಿರುವವರನ್ನು ಕರೆಯಿರಿ.

ನಿಲ್ಲುವುದಿಲ್ಲ

ಹೊರಡದ ರೈಲಿನಿಂದ ಬೇಸರವಷ್ಟೇ. ನಿಲ್ಲದ ರೈಲಿನಿಂದ ಕೈಕಾಲು ಮುರಿಯುತ್ತದೆ. ಬ್ರೇಕ್ ಬ್ಲಾಕಿಗೆ ಎಣ್ಣೆ ತಾಗಿದೆಯಾ, ಸವೆದಿದೆಯಾ, ಕೇಬಲ್ ಎಳೆದುಕೊಂಡಿದೆಯಾ ನೋಡಿ. ಇಷ್ಟು ನೀವು ಮಾಡಬಹುದು. ಗಾಳಿ ಅಥವಾ ವ್ಯಾಕ್ಯೂಮ್ ಬ್ರೇಕ್ ಇದ್ದರೆ ಪೈಪಿನ ಕೊಂಡಿ ಬಿಚ್ಚಿ ನೋಡಿ. ಬಿಚ್ಚಿದ ಕೂಡಲೇ ಬೋಗಿಯ ಬ್ರೇಕ್ ತಾನಾಗಿ ಹಿಡಿಯಬೇಕು. ಹಿಡಿಯದಿದ್ದರೆ ಆ ಬೋಗಿ ಶೆಡ್ಡಿಗೆ. ಎರಡು ಬೋಗಿಗಳ ನಡುವೆ ಕೊಂಡಿಯ ಜೊತೆಗೆ ಸರಪಳಿಯೂ ಇರಲಿ. ರಿಪೇರಿ ಆದ ಮೇಲೆ ಮಕ್ಕಳ ಬದಲು ಮರಳಿನ ಚೀಲ ಕೂರಿಸಿ ಇಳಿಜಾರಿನಲ್ಲಿ ಮೂರು ಸಲ ನಿಲ್ಲಿಸಿ ನೋಡಿ.

ಹಬೆ ಇಂಜಿನ್: ಒತ್ತಡ ಏರುವುದಿಲ್ಲ, ನೀರು ಹೋಗುವುದಿಲ್ಲ

ಇಂಗ್ಲೆಂಡಿನ ಕೆಂಟ್‌ನ ರಾಮ್ನಿ, ಹೈತ್ ಅಂಡ್ ಡಿಮ್‌ಚರ್ಚ್ ಎಂಬ ಪುಟಾಣಿ ರೈಲು ಮಾರ್ಗದಲ್ಲಿ 381 ಮಿ.ಮೀ. ಹಳಿಯ ಮೇಲೆ 1927ರಿಂದ ಹಬೆ ಇಂಜಿನ್‌ಗಳು ಓಡುತ್ತಿವೆ. ನಮ್ಮ ಕ್ಲಬ್ಬಿನವು ಅವುಗಳ ಅರ್ಧಕ್ಕಿಂತ ಚಿಕ್ಕವು, ಆದರೆ ಸಿಟ್ಟು ಮಾತ್ರ ಅಷ್ಟೇ.

ಒತ್ತಡ ಏರದಿದ್ದರೆ ಬೂದಿ ತೆಗೆಯಿರಿ, ಕೊಳವೆಗಳಿಗೆ ಬ್ರಷ್ ಹಾಕಿ. ಇಷ್ಟರಲ್ಲೇ ಹೆಚ್ಚಿನವು ಸರಿಹೋಗುತ್ತವೆ. ಆಮೇಲೂ ಮಂಕಾಗಿದ್ದರೆ ಮುಂದಿನ ಹೊಗೆಪೆಟ್ಟಿಗೆಗೆ ಹೊರಗಿನ ಗಾಳಿ ನುಗ್ಗುತ್ತಿರಬಹುದು. ನಾನು ಊದುಬತ್ತಿ ಹಚ್ಚಿ ಬಾಗಿಲಿನ ಸುತ್ತ ನಿಧಾನವಾಗಿ ಆಡಿಸುತ್ತೇನೆ. ಆಗ ಚಿಮಣಿಯಲ್ಲಿ ಗಾಳಿ ಎಳೆಯುವ ಬ್ಲೋವರ್ ಓಡುತ್ತಿರಬೇಕು. ಹೊಗೆಯ ಎಳೆ ಎಲ್ಲಿ ತಟ್ಟನೆ ಒಳಗೆ ಬಾಗುತ್ತದೋ ಅಲ್ಲೇ ಸಂದು. ಮೊದಲ ಸಲ ಮಾಡಿದಾಗ ಕ್ಲಬ್ಬಿನ ಹಿರಿಯರೊಬ್ಬರು ಇಂಜಿನ್‌ಗೆ ಪೂಜೆಯಾ ಎಂದು ಕೇಳಿದರು. ಈಗ ಅವರ ಡಬ್ಬಿಯಲ್ಲೂ ಒಂದು ಪ್ಯಾಕೆಟ್ ಇದೆ.

ಇಂಜೆಕ್ಟರ್, ಅಂದರೆ ಹಬೆಯ ಬಲದಿಂದ ನೀರು ತುಂಬುವ ಸಾಧನ, ನೀರನ್ನು ಬಾಯ್ಲರ್‌ಗೆ ತಳ್ಳದೆ ಕೆಳಗೆ ಸುರಿಸಿದರೆ ಮುಟ್ಟಿ ನೋಡಿ. ಬಿಸಿಯಾಗಿದ್ದರೆ ಅದು ಕೆಲಸ ಮಾಡುವುದಿಲ್ಲ. ಒದ್ದೆ ಬಟ್ಟೆ ಸುತ್ತಿ ತಣಿಸಿ. ಟ್ಯಾಂಕಿನ ನೀರೇ ಬೆಚ್ಚಗಾಗಿದ್ದರೂ ಹೀಗಾಗುತ್ತದೆ. ಪದೇ ಪದೇ ಬಿಸಿಯಾದರೆ ಬಾಯ್ಲರ್ ಕಡೆಯ ಏಕಮುಖ ವಾಲ್ವ್ ಸೋರಿ ಹಬೆ ಹಿಂದಕ್ಕೆ ಬರುತ್ತಿದೆ. ತಣ್ಣಗಿದ್ದೂ ಹಠ ಮಾಡಿದರೆ ನೀರು ಸೋಸುವ ಜಾಲರಿ ಕಟ್ಟಿದೆಯಾ, ಪೈಪಿನ ನಟ್‌ನಲ್ಲಿ ಗಾಳಿ ಸೇರುತ್ತಿದೆಯಾ ನೋಡಿ. ಒಳಗೆ ಸುಣ್ಣ ಕಟ್ಟಿದ್ದರೆ ಬಿಚ್ಚಿ ವಿನೆಗರ್‌ನಲ್ಲಿ ನೆನೆಹಾಕಿ. ತಂತಿ ಚುಚ್ಚಬೇಡಿ, ಆ ಸಣ್ಣ ರಂಧ್ರದ ಅಳತೆ ಕೆಟ್ಟರೆ ಮತ್ತೆ ಸರಿಯಾಗುವುದಿಲ್ಲ. ಅಷ್ಟರವರೆಗೆ ಕೈಪಂಪಿನಲ್ಲಿ ನೀರು ಹಾಕುತ್ತಿರಿ.

ಬಾಯ್ಲರ್‌ನ ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆಯಲ್ಲಿ ನೀರು ಕಾಣದೇ ಹೋದರೆ ಮೇಲಿನದೆಲ್ಲ ಮರೆತುಬಿಡಿ. ತಣ್ಣೀರು ಹಾಕಬೇಡಿ. ಬೆಂಕಿಯ ಅಡಿಯ ಜಾಲರಿಯ ಪಿನ್ ಎಳೆದು ಬೆಂಕಿ ಬೀಳಿಸಿ, ಎಲ್ಲರನ್ನೂ ದೂರ ಕಳಿಸಿ, ತಾನಾಗಿ ಆರಲು ಬಿಡಿ. ಸೇಫ್ಟಿ ವಾಲ್ವ್ ಸೋರಿದರೆ ಬಿಗಿ ಮಾಡುವುದು, ಬಾಯ್ಲರ್ ಸೋರಿದರೆ ಬೆಸುಗೆ ಹಾಕುವುದು ನಿಮ್ಮ ಕೆಲಸವಲ್ಲ, ನನ್ನದೂ ಅಲ್ಲ. ಇಲ್ಲಿ ಹೊಸ ಬಾಯ್ಲರ್‌ಗೆ ಓಡುವ ಒತ್ತಡದ ಎರಡು ಪಟ್ಟು ನೀರು ತುಂಬಿ ಒತ್ತಿ ನೋಡುತ್ತಾರೆ, ಆಮೇಲಿನ ಪರೀಕ್ಷೆಗಳಲ್ಲಿ ಒಂದೂವರೆ ಪಟ್ಟು. ಪರೀಕ್ಷಕರ ಸಹಿ ಇರುವ ಕಾಗದ ತೋರಿಸದೆ ನಮ್ಮ ಅಂಗಳದಲ್ಲಿ ಯಾರಿಗೂ ಬೆಂಕಿಕಡ್ಡಿ ಗೀರಲು ಬಿಡುವುದಿಲ್ಲ.